ಗೋವೆಯ ಇಗರ್ಜಿ ಶಾಲೆಗಳೂ ನಮ್ಮ ಸಂಗೀತ ಪರಂಪರೆಯೂ

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟಾಗ ಸಾಮಾನ್ಯವಾಗಿ ನಾವು ಅಡಿಗಲ್ಲಿಟ್ಟ ದಿನ, ಗಂಟೆಗೋಪುರದ ಎತ್ತರ, ಸೇವೆ ಸಲ್ಲಿಸಿದ ವಿಚಾರಣಾ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ, ಇವುಗಳನ್ನು ಕ್ರಮವಾಗಿ ಕೊಟ್ಟು ತೃಪ್ತರಾಗುತ್ತೇವೆ. ಇವೆಲ್ಲವೂ ಬೇಕಾದುವೇ. ಆದರೆ ಈ ನೂರು ವರ್ಷಗಳಲ್ಲಿ ಪ್ರತಿ ಭಾನುವಾರವೂ ದೇವಾಲಯದೊಳಗೆ ಕೇಳಿಬಂದ ಹಾಡನ್ನು ಯಾರು ಕಲಿಸಿದರು, ಯಾರಿಗೆ ಕಲಿಸಿದರು, ಯಾರಿಗೆ ಕಲಿಸಲಿಲ್ಲ, ಕಲಿಸಿದವನ ಮನೆಯ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಕಲ್ಲುಗಾರೆಯ ಲೆಕ್ಕ ದಫ್ತರದಲ್ಲಿ ಸಿಗುತ್ತದೆ; ಹಾಡಿನ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ. ಆದುದರಿಂದ ಈ ಸಂಚಿಕೆಯ ಇತರ ಲೇಖನಗಳು ಕಟ್ಟಡದ ಮತ್ತು ಗುರುಗಳ ಚರಿತ್ರೆಯನ್ನು ಹೇಳುತ್ತಿರುವಾಗ ನಾವು ಇಲ್ಲಿ ಹಾಡಿನ ಚರಿತ್ರೆಯ ಒಂದು ಅಧ್ಯಾಯವನ್ನು ವಾಚಕರ ಮುಂದಿಡಲು ಪ್ರಯತ್ನಿಸುತ್ತೇವೆ.

ಸಂಗೀತವು ದೈವದತ್ತವಾದುದು, ಅದಕ್ಕೂ ರಾಜಕೀಯಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸ್ವರ ದೈವದತ್ತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಸ್ವರವನ್ನು ಕಲಿಸುವ ಶಾಲೆ, ಕಲಿಸುವವನ ಸಂಬಳ, ಹಾಡಬಹುದಾದ ಭಾಷೆ, ಬಾರಿಸಬಾರದ ವಾದ್ಯ, ಗಾನವೃಂದದ ಬೆಂಚಿನಲ್ಲಿ ಕೂರಬಹುದಾದ ಜಾತಿ, ಇವೆಲ್ಲ ಮನುಷ್ಯರ ತೀರ್ಮಾನಗಳು, ಅಧಿಕಾರವುಳ್ಳವರ ತೀರ್ಮಾನಗಳು. ಇದಕ್ಕೆ ಗೋವೆಯ ಇಗರ್ಜಿ ಶಾಲೆಗಳಿಗಿಂತ ಸ್ಪಷ್ಟವಾದ ನಿದರ್ಶನ ಭಾರತದ ಕಥೋಲಿಕ ಚರಿತ್ರೆಯಲ್ಲಿ ದೊರೆಯಲಾರದು. ಕರಾವಳಿಯ ಕ್ರೈಸ್ತರಲ್ಲಿ ಬಹುಪಾಲು ಜನರ ಪೂರ್ವಿಕರು ಗೋವೆಯಿಂದ ಬಂದವರಾದುದರಿಂದ ಇದು ಅವರ ಮನೆಯ ಚರಿತ್ರೆಯೂ ಹೌದು. ಮೈಸೂರು ಸೀಮೆಯ ಕನ್ನಡ ಕ್ರೈಸ್ತರ ಮೂಲ ಬೇರೆ. ಆದರೂ ನಮ್ಮ ದೇವಾಲಯಗಳಲ್ಲಿ ಇಂದಿಗೂ ನಡೆಯುವ ಹಾಡಿನ ಜಗಳಗಳ ಬೇರುಗಳು ಅಲ್ಲಿಯೇ ಕಾಣಿಸುತ್ತವೆ.

ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಆರಂಭಿಸಬೇಕು. 11ನೆಯ ಶತಮಾನದಲ್ಲಿ ಇಟಲಿಯ ಪೊಂಪೋಸಾ ಎಂಬ ಮಠದಲ್ಲಿ ಗ್ವಿದೊ ಎಂಬ ಬೆನೆಡಿಕ್ಟ್ ಸಭೆಯ ಸನ್ಯಾಸಿಯೊಬ್ಬರಿದ್ದರು. ಆ ಕಾಲದಲ್ಲಿ ಆರಾಧನೆಯ ಗಾಯನವನ್ನು ಕಲಿಯಬೇಕಾದರೆ ಗುರುವಿನ ಬಾಯಿಂದಲೇ ಕೇಳಿ ಕಂಠಪಾಠ ಮಾಡಬೇಕಿತ್ತು. ಅದಕ್ಕೆ ಹತ್ತು ವರ್ಷಗಳಾದರೂ ಸಾಲುತ್ತಿರಲಿಲ್ಲ. ಗ್ವಿದೊ ಅವರು ಗೆರೆಗಳ ಮೇಲೆ ಸ್ವರಗಳನ್ನು ಗುರುತಿಸುವ ಕ್ರಮವನ್ನೂ, ಸ್ನಾನಿಕ ಸಂತ ಯೊವಾನ್ನರ ಸ್ತೋತ್ರವೊಂದರ ಸಾಲುಗಳ ಮೊದಲ ಅಕ್ಷರಗಳಿಂದ ಸ್ವರಗಳಿಗೆ ಹೆಸರಿಡುವ ಉಪಾಯವನ್ನೂ ಬಳಕೆಗೆ ತಂದರು. ಇದರಿಂದ, ತಾನು ಎಂದೂ ಕೇಳದ ಹಾಡನ್ನು ಕಾಗದ ನೋಡಿ ಹಾಡಬಲ್ಲ ಬಾಲಕನು ಸಿದ್ಧನಾದ. ಇದಕ್ಕೆ ಮಠದ ಹಿರಿಯರು ಸಂತೋಷಪಟ್ಟರೇ? ಇಲ್ಲ. ಅಸೂಯೆ ಎಷ್ಟು ಹೆಚ್ಚಿತೆಂದರೆ ಗ್ವಿದೊ ಆ ಮಠವನ್ನೇ ಬಿಟ್ಟು ಅರೆತ್ಸೊ ಪಟ್ಟಣದ ಮೇತ್ರಾಣಿಗಳ ಆಶ್ರಯಕ್ಕೆ ಹೋಗಬೇಕಾಯಿತು. ಮುಂದೆ ಪೋಪ್ ಹತ್ತೊಂಬತ್ತನೆಯ ಯೊವಾನ್ನರು ಅವರನ್ನು ರೋಮಿಗೆ ಕರೆಸಿಕೊಂಡು ತಾವೇ ಆ ವಿಧಾನದಿಂದ ಒಂದು ಚರಣವನ್ನು ಕಲಿತರೆಂದು ಗ್ವಿದೊ ಬರೆದಿಟ್ಟಿದ್ದಾರೆ. ವಿದ್ಯೆಯು ಗುರುವಿನ ನೆನಪಿನಿಂದ ಬಿಡುಗಡೆ ಹೊಂದಿ ಕಾಗದದ ಮೇಲೆ ಇಳಿದಾಗ ಗುರುವಿನ ಅಧಿಕಾರವೂ ಒಂದಿಷ್ಟು ಇಳಿಯುತ್ತದೆ. ಅಸೂಯೆಯ ಕಾರಣ ಇದೇ ಇರಬೇಕು ಎಂದು ನಮಗೆ ತೋರುತ್ತದೆ. ಈ ಸ್ವರಲಿಪಿಯೇ ಐದು ಶತಮಾನಗಳ ತರುವಾಯ ಹಡಗು ಹತ್ತಿ ಮಾಂಡೋವಿ ನದಿಯ ದಂಡೆಗೆ ಬಂದಿಳಿಯಿತು.

1510ರಲ್ಲಿ ಆಲ್ಬುಕರ್ಕನು ಬಿಜಾಪುರದ ಸುಲ್ತಾನನಿಂದ ಗೋವೆಯನ್ನು ಗೆದ್ದುಕೊಂಡನು. 1542ರ ಮೇ 6ರಂದು ಸಂತ ಫ್ರಾನ್ಸಿಸ್ ಝೇವಿಯರ್ ಅವರು ಅಲ್ಲಿಗೆ ಬಂದರು. ಅವರು ಕೈಯಲ್ಲಿ ಗಂಟೆ ಹಿಡಿದು ಬೀದಿಬೀದಿಗಳಲ್ಲಿ ನಡೆಯುತ್ತಾ ಮಕ್ಕಳನ್ನು ಒಟ್ಟುಗೂಡಿಸಿ, ಜ್ಞಾನೋಪದೇಶವನ್ನು ಹಾಡಿನ ಧಾಟಿಯಲ್ಲಿ ಹೇಳಿಕೊಡುತ್ತಿದ್ದುದು ಸುಪ್ರಸಿದ್ಧವಾದ ಸಂಗತಿ. ಮಕ್ಕಳು ಅದನ್ನು ಮನೆಗೆ ಒಯ್ದು ತಾಯಂದಿರ ಮುಂದೆ ಹಾಡುತ್ತಿದ್ದರು. ಉಪದೇಶಕ್ಕಿಂತ ಹಾಡು ಬೇಗನೆ ಮನೆಯೊಳಗೆ ಪ್ರವೇಶಿಸುತ್ತದೆಂಬುದನ್ನು ಆ ಮಹನೀಯರು ಚೆನ್ನಾಗಿ ಅರಿತಿದ್ದರು. ನಮ್ಮ ನಾಡಿನಲ್ಲಿ ಅದೇ ಕಾಲದಲ್ಲಿ ಬಾಳಿದ ಪುರಂದರದಾಸರು ಕರ್ನಾಟಕ ಸಂಗೀತದ ಆರಂಭಿಕ ಪಾಠಗಳಾದ ಸರಳೆ, ಜಂಟಿ ವರಸೆಗಳನ್ನು ಕ್ರಮಬದ್ಧಗೊಳಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಒಂದೇ ಕಾಲ, ಹೆಚ್ಚು ದೂರವಲ್ಲದ ಎರಡು ನೆಲಗಳು. ಎರಡರಲ್ಲಿಯೂ ಮಕ್ಕಳಿಗೆ ಸ್ವರಾಭ್ಯಾಸ. ಒಂದರ ಹಿಂದೆ ಹರಿದಾಸರ ತಂಬೂರಿ, ಇನ್ನೊಂದರ ಹಿಂದೆ ಪೋರ್ಚುಗಲ್ಲಿನ ರಾಜಮುದ್ರೆ.

ಗೋವೆಯ ಗ್ರಾಮಗಳಲ್ಲಿ ಇಗರ್ಜಿಗಳು ಎದ್ದಂತೆಲ್ಲಾ ಪ್ರತಿಯೊಂದರ ಪಕ್ಕದಲ್ಲಿ ಒಂದು ಶಾಲೆಯೂ ಎದ್ದಿತು. ಇದನ್ನು ಪೋರ್ಚುಗೀಸ್ ಭಾಷೆಯಲ್ಲಿ ಎಸ್ಕೋಲಾ ಪರೋಕಿಯಾಲ್ ಎಂದು ಕರೆಯುತ್ತಿದ್ದರು. ಅದರ ಅಧ್ಯಾಪಕನೇ ಮೆಸ್ತ್ರಿ. ಜ್ಞಾನೋಪದೇಶ, ಓದುಬರಹ, ಪೂಜೆಗೆ ಬೇಕಾದಷ್ಟು ಲತೀನ್, ಇವುಗಳೊಂದಿಗೆ ಆತನು ಕಲಿಸುತ್ತಿದ್ದ ಮುಖ್ಯ ವಿದ್ಯೆಯೆಂದರೆ ಸೊಲ್ಫಾ, ಅಂದರೆ ಸ್ವರಲಿಪಿಯನ್ನು ನೋಡಿ ಹಾಡುವುದು, ಅನಂತರ ಪಿಟೀಲು. ಬಾಲಕರು ಬೆಳಿಗ್ಗೆ ಪೂಜೆಗೆ ಹಾಡುತ್ತಿದ್ದರು. ಸಂಜೆ ಪ್ರಾರ್ಥನಾಮಾಲೆಗೆ, ನೊವೆನಾಗಳಿಗೆ, ಊರಿನ ಶಿಲುಬೆಗಳ ಮುಂದೆ ನಡೆಯುವ ಲದೀನ್‌ಗಳಿಗೆ, ಸಾವಿನ ಮನೆಗಳಿಗೆ ಹೋಗುತ್ತಿದ್ದರು. ತಪಸ್ಸುಕಾಲದಲ್ಲಿ ಕ್ರಿಸ್ತರ ಪಾಡುಗಳನ್ನು ಕುರಿತ ಮೊತೆತ್ ಎಂಬ ಗೀತೆಗಳನ್ನು ಹಾಡುವುದು ಗೋವೆಯ ಇಗರ್ಜಿಗಳ ವಿಶೇಷ. ಇವುಗಳಲ್ಲಿ ಹಲವನ್ನು ಗ್ರಾಮದ ಮೆಸ್ತ್ರಿಗಳೇ ರಚಿಸಿದ್ದರು. ಕೋಲು ಹಿಡಿದು ಪಾಠ ಹೇಳುತ್ತಿದ್ದ ಈ ಬಡ ಉಪಾಧ್ಯಾಯರು ಮೂರು ನಾಲ್ಕು ಧ್ವನಿಗಳಿಗೆ ಸ್ವರ ಹೊಂದಿಸಿ ಬರೆಯಬಲ್ಲವರಾಗಿದ್ದರು. ಬಹುಮಂದಿಯ ಹೆಸರು ಉಳಿಯಲಿಲ್ಲ. ಅವರ ಕೈಬರಹದ ಪುಸ್ತಕಗಳು ಗೆದ್ದಲಿಗೂ ಮಳೆಗಾಲದ ತೇವಕ್ಕೂ ಆಹಾರವಾದುವು.

ಶಾಲೆಗೆ ಬಡವನ ಮಗನೂ ಬರಬಹುದಾಗಿತ್ತು, ಶುಲ್ಕವಿಲ್ಲ. ಇದು ಸಾಮಾನ್ಯ ಸಂಗತಿಯಲ್ಲ. ಯೂರೋಪಿನಲ್ಲಿಯೇ ಸ್ವರಲಿಪಿ ಓದಬಲ್ಲ ರೈತನ ಮಗನು ಅಪರೂಪವಾಗಿದ್ದ ಕಾಲದಲ್ಲಿ ಸಾಲ್ಸೆತ್ ಮತ್ತು ಬಾರ್ದೆಸ್ ತಾಲೂಕುಗಳ ಗೇಣಿದಾರನ ಮಗನು ಅದನ್ನು ಓದುತ್ತಿದ್ದ. ಮೆಸ್ತ್ರಿಯ ಸಂಬಳವು ಇಗರ್ಜಿಯ ನಿಧಿಯಿಂದ, ಕೆಲವೆಡೆ ಗ್ರಾಮದ ಒಡೆತನದ ಕೊಮುನಿದಾದ್ ಸಂಸ್ಥೆಯಿಂದ ಬರುತ್ತಿತ್ತು. ಅದು ಅಲ್ಪವಾದುದು, ಮದುವೆ ಮತ್ತು ಹಬ್ಬಗಳಲ್ಲಿ ಪಿಟೀಲು ನುಡಿಸಿ ಆತ ಹೊಟ್ಟೆ ಹೊರೆಯಬೇಕಾಗಿತ್ತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಶಾಲೆಯನ್ನು ತೆರೆದ ಕೈಯೇ ಊರಿನ ಹಳೆಯ ಹಾಡನ್ನು ಮುಚ್ಚಿಸುವ ಕೆಲಸವನ್ನೂ ಮಾಡುತ್ತಿತ್ತು. ಸಂಗೀತವು ಆಳುವವರ ವೈಭವದ ಪ್ರದರ್ಶನವೂ ಆಗಿತ್ತು. 1580ರ ಸುಮಾರಿಗೆ ಅಕ್ಬರ್ ಬಾದಶಹನ ಕಡೆಯ ಹಾಜಿ ಹಬೀಬುಲ್ಲಾ ಎಂಬಾತ ಗೋವೆಯಿಂದ ಒಂದು ಆರ್ಗನ್ ವಾದ್ಯವನ್ನು ಕೊಂಡೊಯ್ದುದನ್ನೂ, ಆಸ್ಥಾನವು ಅದನ್ನು ನೋಡಿ ಬೆರಗಾದುದನ್ನೂ ಚರಿತ್ರಕಾರ ಬದೌನಿ ದಾಖಲಿಸಿದ್ದಾನೆ. ಅಂಥ ವಾದ್ಯವುಳ್ಳ ಜನ ಎಂಥ ಜನ ಎಂಬ ಭಾವನೆಯನ್ನು ಹುಟ್ಟಿಸುವುದರಲ್ಲಿ ಅದು ಫಿರಂಗಿಗಿಂತ ಕಡಿಮೆಯೇನೂ ಆಗಿರಲಿಲ್ಲ.

ಆದರೂ ಆರಂಭದ ಮಿಷನರಿಗಳಲ್ಲಿ ನೆಲದ ಧಾಟಿಗೆ ಕಿವಿಗೊಟ್ಟವರು ಇಲ್ಲದಿರಲಿಲ್ಲ. ಅವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್. ಇವರ ಕ್ರಿಸ್ತಪುರಾಣವು 1616ರಲ್ಲಿ ಅಚ್ಚಾಯಿತು. ಮರಾಠಿ ಭಾಷೆಯಲ್ಲಿ, ಸಂತ ಜ್ಞಾನೇಶ್ವರರು ಬಳಸಿದ ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳ ಬೃಹತ್ಕಾವ್ಯ. ಪುರಾಣಗಳನ್ನು ಕೇಳಿ ಬೆಳೆದು ಆ ಬಳಿಕ ಸ್ನಾನದೀಕ್ಷೆ ಪಡೆದ ಜನರು ತಮ್ಮ ಹಳೆಯ ಪುರಾಣಗಳಿಗೆ ಬದಲಾಗಿ ಹಾಡಿಕೊಳ್ಳಲು ಏನಾದರೂ ಬೇಕೆಂದಾಗ ಈ ಗುರು ಅವರ ಧಾಟಿಯಲ್ಲಿಯೇ ರಕ್ಷಣಾ ಚರಿತ್ರೆಯನ್ನು ಹಾಡಿಕೊಟ್ಟರು. 1649ರಲ್ಲಿಯೂ 1654ರಲ್ಲಿಯೂ ಅದು ಮತ್ತೆ ಅಚ್ಚಾಯಿತು. ಆ ಮುದ್ರಣಗಳ ಒಂದು ಪ್ರತಿಯೂ ಈಗ ದೊರೆಯುವುದಿಲ್ಲ.

ಏಕೆಂದರೆ ಗಾಳಿ ಬದಲಾಯಿತು. 1683ರಲ್ಲಿ ಮರಾಠಾ ರಾಜ ಸಂಭಾಜಿಯ ದಾಳಿಯಿಂದ ಗೋವೆಯ ಸರಕಾರ ತತ್ತರಿಸಿತು. ಮರುವರ್ಷವೇ, ಅಂದರೆ 1684ರಲ್ಲಿ, ವೈಸರಾಯ್ ಅಲ್ವೊರ್ ಪ್ರಭು ಹೊರಡಿಸಿದ ಆಜ್ಞೆಯಂತೆ ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನು ಆಡತಕ್ಕದ್ದೆಂದಾಯಿತು. ಗೋವೆಯಲ್ಲಿ 1560ರಿಂದ ನಡೆಯುತ್ತಿದ್ದ ಇನ್‌ಕ್ವಿಜಿಷನ್ ಎಂಬ ಧರ್ಮವಿಚಾರಣಾ ನ್ಯಾಯಸ್ಥಾನವು 1736ರಲ್ಲಿ ಹೊರಡಿಸಿದ ಶಾಸನವಂತೂ ಮನೆಯ ಅಂಗಳದೊಳಕ್ಕೇ ಇಳಿಯಿತು. ಗಂಡಸರು ಧೋತರ ಉಡಬಾರದು, ಹೆಂಗಸರು ಚೋಳಿ ತೊಡಬಾರದು, ತುಳಸಿ ನೆಡಬಾರದು ಎಂಬುದರ ಜೊತೆಗೆ ಕ್ರೈಸ್ತರ ಮದುವೆಗಳಲ್ಲಿ ದೇಶೀ ವಾದ್ಯಗಳನ್ನು ನುಡಿಸಬಾರದು, ವೊವಿಯೊ ಹಾಡಬಾರದು ಎಂಬ ನಿಷೇಧವೂ ಅದರಲ್ಲಿತ್ತು. ವೊವಿಯೊ ಎಂದರೆ ಮತ್ತೇನೂ ಅಲ್ಲ, ಮದುವೆ ಮನೆಯಲ್ಲಿ ಹೆಂಗಸರು ಹಾಡುವ ಓವಿಗಳು. 1616ರಲ್ಲಿ ಯಾವ ಛಂದಸ್ಸು ಧರ್ಮಬೋಧನೆಗೆ ಯೋಗ್ಯವೆನಿಸಿ ಅಚ್ಚುಕೂಟಕ್ಕೆ ಹೋಗಿತ್ತೋ, 120 ವರ್ಷಗಳ ತರುವಾಯ ಅದರದೇ ಕುಲದ ಹಾಡು ವಿಚಾರಣೆಗೆ ಗುರಿಯಾಯಿತು. ಹಾಡು ಬದಲಾಗಿರಲಿಲ್ಲ, ಅದನ್ನು ಕೇಳುವ ಅಧಿಕಾರದ ಕಿವಿ ಬದಲಾಗಿತ್ತು. ಧರ್ಮಸಭೆಯ ಹೆಸರಿನಲ್ಲಿ ನಡೆದ ಈ ಕಾರ್ಯವನ್ನು ಇಂದು ನಾವು ಸಮರ್ಥಿಸಬೇಕಾದ ಅಗತ್ಯವಿಲ್ಲ. ಆ ನ್ಯಾಯಸ್ಥಾನವು ಕೊನೆಗೆ 1812ರಲ್ಲಿ ರದ್ದಾಯಿತು.

ಈ ಕಟ್ಟಳೆಗಳಿಂದಲೂ, ತೆರಿಗೆ ಕ್ಷಾಮಗಳಿಂದಲೂ, ಯುದ್ಧಭೀತಿಯಿಂದಲೂ ನೊಂದ ಕುಟುಂಬಗಳು ಅಲೆಅಲೆಯಾಗಿ ದಕ್ಷಿಣಕ್ಕೆ ಬಂದು ಕೆಳದಿ ಅರಸರ ಕನ್ನಡ ಜಿಲ್ಲೆಯಲ್ಲಿ ನೆಲೆಸಿದುವು. ನೇಗಿಲು ಬೀಜಗಳೊಂದಿಗೆ ಅವರು ಹೊತ್ತು ತಂದುದು ಗುಮಟೆಯನ್ನು, ವೊವಿಯೊಗಳನ್ನು, ಕ್ರಿಸ್ತಪುರಾಣದ ಹಸ್ತಪ್ರತಿಗಳನ್ನು. ಗೋವೆಯಲ್ಲಿ ಕದ್ದು ಹಾಡಬೇಕಾದುದನ್ನು ಇಲ್ಲಿ ರೋಸ್ ಶಾಸ್ತ್ರದ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾ ಗಟ್ಟಿಯಾಗಿ ಹಾಡಬಹುದಾಗಿತ್ತು. ನಮ್ಮ ಕರಾವಳಿಯ ಮದುವೆ ಮನೆಗಳಲ್ಲಿ ಇಂದೂ ಕೇಳುವ ವೊವಿಯೊಗಳಿಗೆ ಈ ಹಿನ್ನೆಲೆಯಿದೆಯೆಂದು ಹಾಡುವ ತಾಯಂದಿರಿಗೇ ತಿಳಿದಿರುವುದು ಅಪರೂಪ. 1784ರ ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿಯಲ್ಪಟ್ಟು ಶ್ರೀರಂಗಪಟ್ಟಣಕ್ಕೆ ನಡೆದು, 1799ರವರೆಗೆ ಗುರುಗಳಿಲ್ಲದೆ ದೇವಾಲಯವಿಲ್ಲದೆ ಬಾಳಿದವರು ಈ ಪುರಾಣದ ಪದ್ಯಗಳಿಂದಲೇ ವಿಶ್ವಾಸವನ್ನು ಕಾಪಾಡಿಕೊಂಡರೆಂದು ನಮ್ಮ ಹಿರಿಯರಲ್ಲಿ ಐತಿಹ್ಯವಿದೆ. 1907ರಲ್ಲಿ ಜೆ. ಎಲ್. ಸಲ್ಡಾನ್ಹ ಅವರು ಹಸ್ತಪ್ರತಿಗಳನ್ನು ಸಂಗ್ರಹಿಸಿ ಇದನ್ನು ಮತ್ತೆ ಅಚ್ಚು ಹಾಕಿಸಿದ್ದು ಮಂಗಳೂರಿನಲ್ಲಿ. ಗೋವೆಯಲ್ಲಿ ಕಳೆದುಹೋದುದು ಕನ್ನಡನಾಡಿನಲ್ಲಿ ಸಿಕ್ಕಿತೆಂಬುದು ನಮಗೆ ಹೆಮ್ಮೆಯ ವಿಷಯ.

ಇದೇ ಸಂದರ್ಭದಲ್ಲಿ ಸಂತ ಜೋಸೆಫ್ ವಾಜರನ್ನು ನೆನೆಯದೆ ಮುಂದುವರಿಯಲಾಗದು. 1681ರಿಂದ 1684ರವರೆಗೆ ಕನ್ನಡ ಜಿಲ್ಲೆಯಲ್ಲಿ ಬರಿಗಾಲಿನಲ್ಲಿ ನಡೆದು ಸೇವೆ ಸಲ್ಲಿಸಿದ ಇವರು ಆನಂತರ ಸಿಂಹಳಕ್ಕೆ ಹೋದರು. 2015ರಲ್ಲಿ ಸಂತರೆಂದು ಘೋಷಿಸಲ್ಪಟ್ಟರು. ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಆರಾಧನೆಯೇ ಅಪರಾಧವಾಗಿದ್ದ ಆ ದ್ವೀಪದಲ್ಲಿ ಅವರನ್ನು ಕೂಡಿಕೊಂಡ ಗೋವೆಯ ದಿವಾಡಿ ದ್ವೀಪದ ಗುರು ಜಾಕೊಮೆ ಗೊನ್ಸಾಲ್ವಿಸ್ ಅವರು ಸಿಂಹಳ ಮತ್ತು ತಮಿಳು ಭಾಷೆಗಳನ್ನು ಕಲಿತು ಆ ಭಾಷೆಗಳಲ್ಲಿಯೇ ಗೀತೆಗಳನ್ನು ರಚಿಸಿದರು. ತಪಸ್ಸುಕಾಲದಲ್ಲಿ ಸಿಂಹಳದ ಕಥೋಲಿಕರು ಹಾಡುವ ಪಸನ್ ಎಂಬ ಶೋಕಗೀತೆಗಳ ಸಂಪ್ರದಾಯದಲ್ಲಿ ಇವರ ಹೆಸರು ಮುಖ್ಯವಾದುದು. ಗೋವೆಯ ಆಳುವವರು ತಮ್ಮ ಪ್ರಜೆಗಳಿಗೆ ತಾಯ್ನುಡಿಯ ಹಾಡನ್ನು ನಿಷೇಧಿಸುತ್ತಿದ್ದ ಶತಮಾನದಲ್ಲಿಯೇ ಗೋವೆಯ ಮಗನೊಬ್ಬನು ಪರನಾಡಿನವರಿಗೆ ಅವರ ತಾಯ್ನುಡಿಯ ಹಾಡನ್ನು ಕೊಡುತ್ತಿದ್ದನು.

ಇನ್ನು ಜಾತಿ ಮತ್ತು ಬಣ್ಣದ ವಿಷಯ. ಇದನ್ನು ಸ್ಮರಣ ಸಂಚಿಕೆಗಳಲ್ಲಿ ಮರೆಮಾಚುವುದು ವಾಡಿಕೆ. ನಾವು ಹಾಗೆ ಮಾಡಲಾರೆವು. ಪೋರ್ಚುಗೀಸರು ಗೋವೆಯವನ ಕಂಠವನ್ನು ಮೆಚ್ಚಿದರೇ ಹೊರತು ಅವನನ್ನು ಸಮಾನನೆಂದು ಎಣಿಸಲಿಲ್ಲ. ದಿವಾಡಿಯ ಮಾತೇವುಸ್ ದೆ ಕಾಸ್ತ್ರೊ ಎಂಬ ಪ್ರತಿಭಾವಂತನಿಗೆ ಗೋವೆಯಲ್ಲಿ ಗುರುದೀಕ್ಷೆ ದೊರೆಯದೆ, ಆತ ರೋಮಿಗೆ ಹೋಗಿ ಗುರುವಾಗಿ, 1637ರಲ್ಲಿ ಮೇತ್ರಾಣಿಯೂ ಆಗಿ ಬಂದಾಗಲೂ ಗೋವೆಯ ಅಧಿಕಾರಿಗಳು ಅವರನ್ನು ಮಾನ್ಯ ಮಾಡಲು ಒಪ್ಪಲಿಲ್ಲ. ಇತ್ತ ಸ್ವದೇಶೀಯರೇ ತಮ್ಮೊಳಗೆ ಬಾಮಣ್, ಚಾರೊಡಿ, ಸುದಿರ್ ಎಂಬ ಭೇದಗಳನ್ನು ಸ್ನಾನದೀಕ್ಷೆಯ ತೊಟ್ಟಿಯನ್ನು ದಾಟಿಸಿ ತಂದಿದ್ದರು. ಇಗರ್ಜಿಯ ಕೊನ್ಫ್ರಾರಿಯಾ ಎಂಬ ಸಂಘಗಳು ಜಾತಿವಾರಾಗಿದ್ದುವು. ಮೆರವಣಿಗೆಯಲ್ಲಿ ಯಾವ ಬಣ್ಣದ ಮೇಲಂಗಿ ಯಾರದೆಂಬುದರಿಂದಲೇ ಊರಿನವರು ಜಾತಿಯನ್ನು ಓದಬಹುದಾಗಿತ್ತು. ಹಬ್ಬವನ್ನು ನಡೆಸುವ ಹಕ್ಕು ಯಾವ ಸಂಘದ್ದೋ, ಅಂದಿನ ಸಂಗೀತದ ಖರ್ಚುವೆಚ್ಚವೂ ಮರ್ಯಾದೆಯೂ ಅದರದ್ದು.

ಸಂಗೀತದಲ್ಲಿಯೂ ಎರಡು ಅಂತಸ್ತುಗಳಾದುವು. 19ನೆಯ ಶತಮಾನದಲ್ಲಿ ಅರಳಿದ ಮಾಂಡೊ ಎಂಬ ಮನೋಹರವಾದ ಗೀತಪ್ರಕಾರವು ಕುಡ್ತರಿ, ಲೊಟ್ಲಿಯಂಥ ಊರುಗಳ ಮೇಲ್ಜಾತಿಯ ಭೂಮಾಲಿಕರ ಮನೆಗಳ ಕೂಸು. ಅಲ್ಲಿ ಪಿಟೀಲು, ಪಿಯಾನೊಗಳು ವಿನೋದಕ್ಕೆ. ಅದೇ ಶಾಲೆಯಲ್ಲಿ ಕಲಿತ ಗೇಣಿದಾರನ ಮಗನಿಗೆ ಪಿಟೀಲು ಕೂಲಿಯ ಸಾಧನ. ಸಂಗೀತವನ್ನು ಬಲ್ಲವನಿಗೆ ಗೌರವ, ಸಂಗೀತದಿಂದ ಉಣ್ಣುವವನಿಗೆ ಅಗೌರವ! ಇದು ಗೋವೆಯೊಂದರ ಮಾತಲ್ಲ. ನಾದಸ್ವರದವರು, ತಮಟೆಯವರು, ದೇವದಾಸಿಯರು ನಮ್ಮ ನಾಡಿನಲ್ಲಿ ಉಂಡ ಅವಮಾನವೂ ಇದೇ ಜಾತಿಯದು.

ಹೆಣ್ಣುಮಕ್ಕಳ ಪಾಡನ್ನಂತೂ ಕೇಳುವುದೇ ಬೇಡ. ಇಗರ್ಜಿ ಶಾಲೆಯ ಸೊಲ್ಫಾ ಪಾಠವು ಮುಖ್ಯವಾಗಿ ಬಾಲಕರಿಗಾಗಿತ್ತು. ಮೇಲ್ಸ್ವರದ ಭಾಗಗಳನ್ನು ಹಾಡಲು ಧ್ವನಿ ಒಡೆಯದ ಹುಡುಗರು ಇದ್ದರಲ್ಲ! ಇದಕ್ಕೆ ಗೋವೆಯನ್ನು ಮಾತ್ರ ದೂರುವಂತಿಲ್ಲ. 1903ರ ನವೆಂಬರ್ 22ರಂದು, ಸಂತ ಸಿಸಿಲಿಯಮ್ಮನವರ ಹಬ್ಬದಂದು, ಪೋಪ್ ಹತ್ತನೆಯ ಭಕ್ತಿನಾಥರು ಪವಿತ್ರ ಸಂಗೀತದ ಸುಧಾರಣೆಗಾಗಿ ಹೊರಡಿಸಿದ ಸುಪ್ರಸಿದ್ಧ ಆದೇಶದಲ್ಲಿ, ಗಾಯಕವೃಂದವು ನಿರ್ವಹಿಸುವುದು ಆರಾಧನಾ ಸೇವೆಯಾದುದರಿಂದ ಸ್ತ್ರೀಯರು ಅದರ ಭಾಗವಾಗುವಂತಿಲ್ಲವೆಂದು ವಿಧಿಸಲಾಗಿತ್ತು. ನಾಟಕಶಾಲೆಯ ಶೈಲಿಯನ್ನು ಹೊರಗಟ್ಟಿ ಗ್ರೆಗೋರಿಯನ್ ಗಾಯನವನ್ನು ಪುನಃ ಪ್ರತಿಷ್ಠಾಪಿಸಿದ ಅದೇ ಆದೇಶವು ಪಿಯಾನೊವನ್ನೂ ಗದ್ದಲದ ವಾದ್ಯಗಳನ್ನೂ ದೇವಾಲಯದೊಳಗೆ ನಿಷೇಧಿಸಿತು. ಸಂತ ಸಿಸಿಲಿಯಮ್ಮನವರು ಸಂಗೀತದ ಪಾಲಕಿ. ಅವರ ಹಬ್ಬದ ದಿನವೇ ಸ್ತ್ರೀಕಂಠಕ್ಕೆ ತಡೆ ಬಂದುದನ್ನು ನಮ್ಮ ಸೋದರಿಯರು ಗಮನಿಸದೆ ಇರಲಾರರು. 1955ರಲ್ಲಿ ಪೋಪ್ ಹನ್ನೆರಡನೆಯ ಭಕ್ತಿನಾಥರು ಈ ಕಟ್ಟನ್ನು ಸಡಿಲಿಸಿದರು. ಇಂದು ನಮ್ಮ ಗಾನವೃಂದಗಳನ್ನು ನೋಡಿ. ಹೆಂಗಸರನ್ನು ತೆಗೆದರೆ ಉಳಿಯುವುದು ಹಾರ್ಮೋನಿಯಮ್ ಮತ್ತು ಬೆಂಚು.

ಬಡತನವು ಗೋವೆಯವರನ್ನು ಊರು ಬಿಡಿಸಿತು. ಹೊರಟವನ ಗಂಟಿನಲ್ಲಿ ಬೇರೆ ಆಸ್ತಿಯಿರಲಿಲ್ಲ. ಮೆಸ್ತ್ರಿ ಕೊಟ್ಟ ಸ್ವರಲಿಪಿಯ ಓದು ಇತ್ತು. ಬ್ರಿಟಿಷರ ಸೈನ್ಯದ ಮತ್ತು ಪೋಲೀಸಿನ ಬ್ಯಾಂಡುಗಳಲ್ಲಿ, ದೇಶೀ ರಾಜರ ಅರಮನೆಗಳಲ್ಲಿ, ಹಡಗುಗಳಲ್ಲಿ, ಜಂಜಿಬಾರಿನ ಸುಲ್ತಾನನ ವಾದ್ಯವೃಂದದಲ್ಲಿ, ಮೂಕಿ ಚಿತ್ರಗಳ ಪರದೆಯ ಕೆಳಗೆ, ಮುಂಬಯಿ ಕಲ್ಕತ್ತೆಗಳ ದೊಡ್ಡ ಹೋಟೆಲುಗಳಲ್ಲಿ ಎಲ್ಲೆಲ್ಲಿಯೂ ಗೋವೆಯ ವಾದ್ಯಗಾರರು ಕಾಣಿಸಿಕೊಂಡರು. ಧರ್ಮಬೋಧನೆಗೆಂದು ಕೊಟ್ಟ ವಿದ್ಯೆ ಹೊಟ್ಟೆಪಾಡಿನ ವಿದ್ಯೆಯಾಯಿತು. ತಾಜಮಹಲ್ ಹೋಟೆಲಿನಲ್ಲಿ ಜಾಜ್ ನುಡಿಸಿದ ಚಿಕ್ ಚಾಕೊಲೇಟ್ ಎಂಬವರ ನಿಜನಾಮ ಆಂತೊನಿಯೊ ಶಾವಿಯೆರ್ ವಾಜ್.

ವಾಕ್ಚಿತ್ರಗಳು ಬಂದ ಮೇಲೆ ಈ ವಿದ್ಯೆಯ ಬೆಲೆ ಏರಿತು. ಹಿಂದಿ ಚಲಚ್ಚಿತ್ರಗಳ ಸಂಗೀತ ನಿರ್ದೇಶಕರಲ್ಲಿ ಅನೇಕರು ರಾಗಜ್ಞರು, ಆದರೆ ಸ್ವರಲಿಪಿಯನ್ನು ಬಲ್ಲವರಲ್ಲ. ಅವರು ಧಾಟಿಯನ್ನು ಗುನುಗಿ ತೋರಿಸುತ್ತಿದ್ದರು. ಅದನ್ನು ಕಾಗದಕ್ಕಿಳಿಸಿ, ಹತ್ತಾರು ಪಿಟೀಲುಗಳಿಗೆ, ತುತ್ತೂರಿಗಳಿಗೆ, ಸೆಲ್ಲೊಗಳಿಗೆ ಬೇರೆಬೇರೆ ಭಾಗಗಳನ್ನು ಬರೆದು, ಹಾಡಿನ ನಡುವಣ ವಾದ್ಯಸಂಗೀತವನ್ನು ಕಟ್ಟುತ್ತಿದ್ದವರು ಅರೇಂಜರ್ ಎನಿಸಿಕೊಂಡ ವಾದ್ಯಸಂಯೋಜಕರು. ಇವರಲ್ಲಿ ದೊಡ್ಡ ಪಾಲು ಗೋವೆಯವರು. ಶಂಕರ್ ಜೈಕಿಶನ್ ಜೋಡಿಯ ಹಾಡುಗಳ ವೈಭವದ ಹಿಂದೆ ಸೆಬಾಸ್ಟಿಯನ್ ಡಿಸೋಜಾ ಇದ್ದರು. ಫ್ರಾಂಕ್ ಫೆರ್ನಾಂಡ್ ಅವರು ಸಿ. ರಾಮಚಂದ್ರರಂಥವರ ಜೊತೆ ದುಡಿದು, ಮುಂದೆ 1963ರಲ್ಲಿ ಆಮ್ಚೆಂ ನೊಶೀಬ್, 1966ರಲ್ಲಿ ನಿರ್ಮೊಣ್ ಎಂಬ ಕೊಂಕಣಿ ಚಿತ್ರಗಳನ್ನು ತಯಾರಿಸಿದರು. ಆದರೆ ಬೆಳ್ಳಿತೆರೆಯ ಮೇಲೆ ಸಂಗೀತವೆಂಬ ಪದದ ಕೆಳಗೆ ಇಂಥವರ ಹೆಸರು ಬೀಳುತ್ತಿದ್ದುದು ಅಪರೂಪ. ದಿನಗೂಲಿಯಂತೆ ಹಣ ಎಣಿಸಿಕೊಂಡು, ರೈಲು ಹಿಡಿದು ಮನೆಗೆ ಹೋಗುತ್ತಿದ್ದರು. ತಾನು ಬರೆದ ಸ್ವರವು ರೇಡಿಯೋದಲ್ಲಿ ಕೇಳಿಬಂದಾಗ ಅದು ತನ್ನದೆಂದು ಹೇಳಿಕೊಳ್ಳಲು ವಾದ್ಯಸಂಯೋಜಕನಿಗೆ ಒಂದು ಚೀಟಿಯೂ ಇರುತ್ತಿರಲಿಲ್ಲ.

ಈ ಪೈಕಿ ಆಂತೊನಿ ಗೊನ್ಸಾಲ್ವಿಸ್ ಅವರ ಜೀವನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1927ರಲ್ಲಿ ಮಾಜೊರ್ಡಾ ಗ್ರಾಮದಲ್ಲಿ ಹುಟ್ಟಿದ ಇವರ ತಂದೆ ಅಲ್ಲಿಯ ಇಗರ್ಜಿಯ ಗಾನವೃಂದದ ಮೆಸ್ತ್ರಿ. ಎಳೆಯ ವಯಸ್ಸಿನಲ್ಲಿಯೇ ಪಿಟೀಲು ಕಲಿತು ಮುಂಬಯಿ ಸೇರಿ, ಹಲವು ಸಂಗೀತ ನಿರ್ದೇಶಕರ ಬಳಿ ದುಡಿದರು. ಪ್ಯಾರೇಲಾಲ್ ಮತ್ತು ರಾಹುಲ್ ದೇವ್ ಬರ್ಮನ್ ಇವರಲ್ಲಿ ಪಿಟೀಲು ಕಲಿತವರು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಭಾರತೀಯ ರಾಗಗಳನ್ನು ನುಡಿಸಬೇಕೆಂಬ ಹಂಬಲದಿಂದ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿ, ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಅವರ ಗಾಯನದೊಂದಿಗೆ ಮುಂಬಯಿಯ ಸಂತ ಝೇವಿಯರ್ ಕಾಲೇಜಿನ ಅಂಗಳದಲ್ಲಿ ಕಚೇರಿ ನಡೆಸಿದರು. ಅದಕ್ಕೆ ಬೆಂಬಲವಾಗಿ ಹಣವಾಗಲಿ ಸಂಸ್ಥೆಯಾಗಲಿ ನಿಲ್ಲಲಿಲ್ಲ. 1960ರ ದಶಕದಲ್ಲಿ ಅವರು ಅಮೆರಿಕೆಗೆ ಹೋಗಿ, ಆಮೇಲೆ ಮಾಜೊರ್ಡಾಕ್ಕೆ ಹಿಂದಿರುಗಿ, 2012ರಲ್ಲಿ ತೀರಿಕೊಂಡರು. 1977ರ ಅಮರ್ ಅಕ್ಬರ್ ಆಂತೊನಿ ಚಿತ್ರದಲ್ಲಿ ಪ್ಯಾರೇಲಾಲ್ ಅವರು ಗುರುಕಾಣಿಕೆಯಾಗಿ ಇವರ ಹೆಸರನ್ನು ಒಂದು ಹಾಡಿನಲ್ಲಿ ಸೇರಿಸಿದರು. ದೇಶವೆಲ್ಲ ಆ ಹೆಸರನ್ನು ಕೂಗಿತು. ಆ ಹೆಸರಿನ ಮನುಷ್ಯನೊಬ್ಬ ನಿಜವಾಗಿಯೂ ಬದುಕಿದ್ದಾನೆಂದು ಬಲ್ಲವರು ಮಾತ್ರ ಕೆಲವರೇ.

ನಮ್ಮ ಕನ್ನಡನಾಡಿನ ದೇವಾಲಯಗಳಿಗೆ ಬರೋಣ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನವನ್ನು ಘೋಷಿಸಿದಾಗ, ಆಯಾ ಜನಾಂಗಗಳ ಸಂಗೀತ ಸಂಪ್ರದಾಯಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ದೊರೆಯಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಯಿತು. ಅರ್ಥ ತಿಳಿಯದೆ ಲತೀನನ್ನು ಕಂಠಪಾಠ ಮಾಡಿ ಹಾಡುತ್ತಿದ್ದ ನಮ್ಮ ಹಿರಿಯರ ಬಾಯಿಗೆ ಕನ್ನಡ ಬಂತು. 1967ರಲ್ಲಿ ಗುರು ಡಿ. ಎಸ್. ಅಮಲೋರ್ಪವದಾಸ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರದಲ್ಲಿ ಆರತಿ, ದೀಪ, ಭಜನೆಗಳು ಪೂಜೆಯೊಳಗೆ ಬಂದುವು. 1736ರ ಶಾಸನವು ತಿರುವುಮುರುವಾದಂತಾಯಿತು.

ಆದರೆ ಒಂದು ಬಾಗಿಲು ತೆರೆದಾಗ ಇನ್ನೊಂದು ಪ್ರಶ್ನೆ ಹೊಸಿಲಲ್ಲಿ ನಿಂತಿತ್ತು. ಭಾರತೀಯ ಸಂಗೀತವೆಂದರೆ ಯಾರ ಸಂಗೀತ? ವೀಣೆ, ತಂಬೂರಿ, ಶಾಸ್ತ್ರೀಯ ರಾಗಗಳನ್ನೇ ಭಾರತೀಯವೆಂದು ಕರೆದು ದೇವಾಲಯದೊಳಗೆ ತಂದರೆ, ದಲಿತ ಕ್ರೈಸ್ತರ ತಮಟೆಗೆ ಯಾವ ಸ್ಥಾನ? ತಮಿಳುನಾಡಿನಲ್ಲಿ ದಲಿತ ದೈವಶಾಸ್ತ್ರಜ್ಞರು ಪರೈ ವಾದ್ಯವನ್ನು ಮುಂದಿಟ್ಟು ಈ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಹಳ್ಳಿಯಲ್ಲಿ ಸಾವಿಗೆ ಬಾರಿಸುವ ವಾದ್ಯವೆಂದು ಹೀನಾಯಕ್ಕೆ ಒಳಗಾಗಿದ್ದುದೇ ದೇವಸ್ತುತಿಯ ವಾದ್ಯವ್ಯಾಕೆ ಆಗಬಾರದೆಂಬುದು ಅವರ ವಾದ; ನಮಗೆ ಅದು ನ್ಯಾಯವೆನಿಸುತ್ತದೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡುಗಳ ಅಂಚಿನಲ್ಲಿ ಬಾಳುವ ಸಿದ್ದಿ ಕ್ರೈಸ್ತರ ದಮ್ಮಾಮ್ ವಾದ್ಯವನ್ನು ನೆನೆಯಿರಿ. ಪೋರ್ಚುಗೀಸರು ಮತ್ತು ಇತರ ವ್ಯಾಪಾರಿಗಳು ಆಫ್ರಿಕದಿಂದ ಗುಲಾಮರಾಗಿ ತಂದವರ ವಂಶಸ್ಥರು ಇವರು. ಒಡೆಯನ ಮನೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಬಳಿ ಉಳಿದುಬಂದ ಈ ಬಡಿತವು ಯಾವ ಇಗರ್ಜಿ ಶಾಲೆಯ ಪಾಠಪಟ್ಟಿಯಲ್ಲಿಯೂ ಇರಲಿಲ್ಲ.

ಭಾಷೆಯ ಜಗಳವನ್ನೂ ನಾವು ಬಲ್ಲೆವು. ಲತೀನ್ ಯಾರ ಭಾಷೆಯೂ ಆಗಿರದಿದ್ದುದರಿಂದ ಅದರ ಬಗ್ಗೆ ಜಗಳವಿರಲಿಲ್ಲ. ತಾಯ್ನುಡಿ ಬಂದೊಡನೆ ಯಾರ ತಾಯ್ನುಡಿ ಎಂಬ ಪ್ರಶ್ನೆಯೂ ಬಂತು. ಬೆಂಗಳೂರಿನ ದೇವಾಲಯಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳ ಹೊತ್ತಿನ ಕುರಿತು ನಡೆದ ವಾದವಿವಾದಗಳು ದಶಕಗಳ ಕಾಲ ಮನಸ್ಸುಗಳನ್ನು ಒಡೆದುವು. ಕನ್ನಡದ ನೆಲದಲ್ಲಿ ಕನ್ನಡದ ಹಾಡಿಗೆ ಪ್ರಥಮ ಸ್ಥಾನ ಬೇಕೆಂದು ಕೇಳಿದವರು ತಪ್ಪು ಕೇಳಲಿಲ್ಲ. ತನ್ನ ತಾಯಿ ಕಲಿಸಿದ ಭಾಷೆಯಲ್ಲಿ ಸಾಯುವ ಮುನ್ನ ಒಂದು ಗೀತೆ ಕೇಳಬೇಕೆಂದ ಮುದುಕಿಯೂ ತಪ್ಪು ಕೇಳಲಿಲ್ಲ. ಗೋವೆಯ 1684ರ ಆಜ್ಞೆಯನ್ನು ಓದಿದವರಾದರೂ ಈ ಎರಡು ಮಾತುಗಳನ್ನು ಒಟ್ಟಿಗೆ ಕೇಳಿಸಿಕೊಳ್ಳಬೇಕಿತ್ತು.

1961ರಲ್ಲಿ ಪೋರ್ಚುಗೀಸರು ಹೋದರು. ಇಗರ್ಜಿ ಶಾಲೆಗಳು ಅದಕ್ಕೆ ಮುಂಚೆಯೇ ಸೊರಗತೊಡಗಿದ್ದುವು; ಇಂಗ್ಲಿಷ್ ಶಾಲೆಗಳೂ ಸರಕಾರಿ ಶಾಲೆಗಳೂ ಬಂದಂತೆ ಹಲವು ಮುಚ್ಚಿಹೋದುವು. ಗುಮಟೆಯ ಕಥೆ ಇನ್ನೂ ವಿಚಿತ್ರ. ಅದರ ಮಣ್ಣಿನ ಮಡಕೆಗೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ವನ್ಯಜೀವಿ ಸಂರಕ್ಷಣೆಯ 1972ರ ಕಾಯಿದೆಯಿಂದಾಗಿ ಅದು ನಿಂತು, ಮೇಕೆಯ ಚರ್ಮ ಬಂತು. 2019ರಲ್ಲಿ ಗೋವೆಯ ಸರಕಾರವು ಗುಮಟೆಯನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಮಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಮಾಂಡ್ ಸೊಭಾಣ್ ಸಂಸ್ಥೆಯು ಗುಮಟೆಯನ್ನೂ ಹಳೆಯ ಕೊಂಕಣಿ ಹಾಡುಗಳನ್ನೂ ವೇದಿಕೆಗೆ ತಂದು ಎಳೆಯರಿಗೆ ಕಲಿಸಿದೆ.

ಕೊನೆಯದಾಗಿ ಧರ್ಮಕೇಂದ್ರದ ಬಂಧುಗಳಲ್ಲಿ ಒಂದು ವಿನಂತಿ. ನಮ್ಮ ದೇವಾಲಯದಲ್ಲಿ ಹಾಡು ಕಲಿಸಿದ ಹಿರಿಯರ ಕೈಬರಹದ ಗೀತಪುಸ್ತಕಗಳು, ಲತೀನ್ ಪೂಜೆಯ ಕಾಲದ ಸ್ವರಲಿಪಿಯ ಹಾಳೆಗಳು, ಹಳೆಯ ಪಿಟೀಲು ಅಥವಾ ಹಾರ್ಮೋನಿಯಮ್, ಗಾನವೃಂದದ ಭಾವಚಿತ್ರಗಳು ಯಾರ ಮನೆಯ ಅಟ್ಟದ ಮೇಲಾದರೂ ಇದ್ದಲ್ಲಿ ದಯವಿಟ್ಟು ರದ್ದಿಗೆ ಹಾಕಬೇಡಿ. ವಿಚಾರಣಾ ಗುರುಗಳ ಕಚೇರಿಗೆ ತಂದು ತೋರಿಸಿದರೆ ನಕಲು ಮಾಡಿಕೊಂಡು ಮೂಲವನ್ನು ಹಿಂದಿರುಗಿಸಲಾಗುವುದು. ಹಾಡು ಕಲಿಸಿದವರ ಹೆಸರು, ಊರು, ಅವರು ಜೀವನೋಪಾಯಕ್ಕೆ ಮಾಡುತ್ತಿದ್ದ ಕೆಲಸ, ಅವರಿಗೆ ದೊರೆಯುತ್ತಿದ್ದ ಸಂಭಾವನೆ, ಇಷ್ಟನ್ನು ಹಿಂಬದಿಯಲ್ಲಿ ಬರೆದುಕೊಟ್ಟರೆ ಇನ್ನೂ ಉಪಕಾರವಾಗುತ್ತದೆ.